ರೊಟ್ಟಿ ಸಂಘದ ಫೋನೂ ಪುಕ್ಕಟೆ ಸಾಫ್ಟ್‌ವೇರೂ

“ನನ್ನ ಕಡೆ ನಡುವಿನ ಎರಡು ಅಂಕಿ ಅದಾವು. ಮೊದಲಿನವು ಯಾರ ಕಡೆ ಅದಾವ, ನನಗೇನ ಗೊತ್ತವಾ?” ಎಂದಳು ರಾಚವ್ವ.

ಪಕ್ಕದಲ್ಲಿ ಕುಳಿತ ಸೀತವ್ವ ತಲೆ ಕೆರೆದುಕೊಂಡಳು. ತನ್ನ ಅಂಕಿ ಮೊದಲಿನವೋ ಕಡೆಯವೋ ಅವಳಿಗೇ ನೆನಪಿಲ್ಲ.

೨೦೦೮ರ ಮಾತು. ಬೈಲಹೊಂಗಲದಲ್ಲಿ ಭೀಮಶಿಯ ಮೊಬೈಲ್ ರಿಪೇರಿ ಅಂಗಡಿ. ಮೇಜಿನ ಮೇಲೆ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘದ ಫೋನು. ಸಂಘದ ಪೆಟ್ಟಿಗೆಗೆ ಮೂರು ಕೀಲಿ, ಮೂವರ ಕೈಯಲ್ಲಿ; ಒಬ್ಬಳೇ ತೆರೆಯಬಾರದೆಂಬ ರೂಢಿ. ಫೋನು ಕೊಂಡಾಗಲೂ ಅದೇ ರೂಢಿ ನಡೆಸಿದರು. ಫೋನಿನ ಲಾಕು ತೆರೆಯುವ ಕೋಡನ್ನು ಮೂರು ತುಂಡು ಮಾಡಿ, ಒಬ್ಬೊಬ್ಬರೂ ಸೆರಗು ಮರೆ ಮಾಡಿಕೊಂಡು ತಮ್ಮ ತಮ್ಮ ಅಂಕಿ ಒತ್ತಿದರು. ಮೂರನೆಯವಳು ಕೆಂಪವ್ವ, ಮಗಳ ಬಾಣಂತನಕ್ಕೆ ರಾಮದುರ್ಗದ ಆಚೆ ಹೋಗಿದ್ದಾಳೆ; ಅಲ್ಲಿ ಫೋನಿಲ್ಲ. ನಿನ್ನೆ ಫೋನು ಕೆಳಗೆ ಬಿದ್ದು ಬಂದ್ ಆಯಿತು. ಮತ್ತೆ ಹಚ್ಚಿದರೆ ಕೋಡು ಕೇಳುತ್ತಿದೆ.

ನಾಳೆ ಸವದತ್ತಿಯಲ್ಲಿ ಯಾರದೋ ವಾಸ್ತುಶಾಂತಿ. ಇನ್ನೂರು ಜೋಳದ ರೊಟ್ಟಿ ಬಡಿದಿಟ್ಟಿದ್ದಾರೆ. ಯಾರ ಮನೆಗೆ ಮುಟ್ಟಿಸಬೇಕು? ಫೋನಿನಲ್ಲಿ ‘ರೊಟ್ಟಿ ಸಾಹುಕಾರ್ರು’ ಎಂದು ನಂಬರು ಹಾಕಿಕೊಂಡಿದ್ದರು. ಹೆಸರಾಗಲಿ ಓಣಿಯಾಗಲಿ ಇಬ್ಬರಿಗೂ ನೆನಪಿಲ್ಲ.

ಭೀಮಶಿ ಧೈರ್ಯ ಹೇಳಿದ. ಇಂಟರ್ನೆಟ್ಟಿನಲ್ಲಿ ಲಾಕು ತೆಗೆಯುವ ಸಾಫ್ಟ್‌ವೇರ್ ಸಿಕ್ಕಿದೆ, ಪುಕ್ಕಟೆ. ಆದರೆ ಇಳಿಸಿಕೊಂಡ ಕೂಡಲೇ ಕಂಪ್ಯೂಟರಿನ ವೈರಸ್ ಕಾವಲು, ಅಂದರೆ ಆಂಟಿವೈರಸ್, ಅಪಾಯವೆಂದು ಕೂಗಿಕೊಂಡಿತು. ಕಾವಲು ಬಂದ್ ಮಾಡಿ ಮುಂದುವರಿಯಿರಿ ಎಂದು ಆ ಪುಟದಲ್ಲೇ ಬರೆದಿತ್ತು. ಬಂದ್ ಮಾಡಲು ಅವನು ಕೈ ಚಾಚಿದಾಗ ಅಂಗಡಿಗೆ ಬಂದಿದ್ದ ಅವನ ತಂಗಿ ಪ್ರಜ್ಞಾ ತಡೆದಳು. ಅವಳು ಕಿತ್ತೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ.

“ಅಣ್ಣಾ, ಇದನ್ನ ಮಾಡಿದವರು ಯಾರು?”

ಹುಡುಕಿದರು. ಕಂಪನಿಯ ಹೆಸರಿಲ್ಲ, ವಿಳಾಸವಿಲ್ಲ. ಕೆಳಗೆ ಹೊಗಳಿಕೆಗಳೇನೋ ಬಹಳ. ಎಲ್ಲ ಒಂದೇ ಮಾತಿನವು, ಒಬ್ಬನೇ ಕೂತು ಬರೆದಂತೆ.

“ಪುಕ್ಕಟೆ ಅಂದಮ್ಯಾಲೆ ನಮ್ಮದೇನ ಹೋಗತೈತಿ ತಂಗಿ?” ಎಂದಳು ರಾಚವ್ವ.

“ಬೀಗರು ಬರೂಮುಂದ ನಾಯಿ ಕಟ್ಟ್ರಿ ಅಂದ್ರ ಖರೇ ಐತಿ. ನಾಯಿ ಓಡಿಸಿ, ದೀಪಾನೂ ಆರಿಸ್ರಿ ಅಂದ್ರ ಬರಾವರು ಬೀಗರೇನ?” ಎಂದಳು ಪ್ರಜ್ಞಾ.

ಇಂಥ ಸಾಫ್ಟ್‌ವೇರಿಗೆ ಕಾವಲು ಸುಮ್ಮಸುಮ್ಮನೆ ಕೂಗುವುದೂ ಉಂಟು ಎಂದು ಭೀಮಶಿ ವಾದಿಸಿದ. ಪ್ರಜ್ಞಾ ಅಲ್ಲಗಳೆಯಲಿಲ್ಲ.

“ಇರಬಹುದು. ನನಗೂ ಗೊತ್ತಿಲ್ಲ. ಗೊತ್ತಿಲ್ಲಂದ್ರ ಮಂದಿ ಫೋನಿನ ಮ್ಯಾಲೆ ಯಾಕ ಹಾಕಿ ನೋಡತಿ? ಒಳಗಿನ ನಂಬರೆಲ್ಲಾ ಅಳಿಸಿ ಹೋದ್ರ ಯಾರು ತಂದು ಕೊಡತಾರ?”

ಸೀತವ್ವ ಫೋನನ್ನು ಮಡಿಲಿಗೆ ಎಳೆದುಕೊಂಡಳು. ರಾಚವ್ವನಿಗೆ ಮಾತ್ರ ಏನೂ ತಿಳಿಯದಾಯಿತು. ಕೋಡಿಲ್ಲ, ಸಾಫ್ಟ್‌ವೇರೂ ಬೇಡ, ಹಾಗಾದರೆ ರೊಟ್ಟಿ?

ಪ್ರಜ್ಞಾ ಸಂಘದ ಫೋನಿನ ಸಿಮ್ ತೆಗೆದು ತನ್ನ ಫೋನಿಗೆ ಹಾಕಿದಳು. ಉಳಿಸಿದ ನಂಬರುಗಳು ಆ ಫೋನಿನಲ್ಲೇ ಉಳಿದವು; ಸಂಘಕ್ಕೆ ಬರುವ ಕರೆ ಮಾತ್ರ ಇನ್ನು ಇಲ್ಲಿಗೇ ಬರುತ್ತದೆ.

“ಸಾಹುಕಾರ್ರನ್ನ ನೀವು ಹುಡುಕಬ್ಯಾಡ್ರಿ ಅಕ್ಕಾರ. ನಾಳೆ ಮಂದಿಗೆ ಊಟಕ್ಕ ಹಾಕಾವರು ಅವರು. ಅವರ ನಿಮ್ಮನ್ನ ಹುಡುಕತಾರ.”

ಭೀಮಶಿ ಆ ಸಾಫ್ಟ್‌ವೇರನ್ನು ಅಳಿಸಿಹಾಕಿದ. ಬೀಗ ಬಿದ್ದ ಫೋನನ್ನು ಬಿಲ್ಲಿನೊಂದಿಗೆ ಬೆಳಗಾವಿಯ ಕಂಪನಿ ಸರ್ವಿಸ್ ಸೆಂಟರಿಗೆ ಒಯ್ಯುವುದು, ಹೊಸ ಕೋಡು ಮೂವರಿಗೂ ಪೂರ್ತಿ ಗೊತ್ತಿರುವುದು ಎಂದು ಮಾತಾಯಿತು.

ಅಕ್ಕತಂಗಿಯರೇ, ಅಂಗಡಿಯ ಅಣ್ಣಂದಿರೇ, ನೀವೂ ಇಳಿಸಿಕೊಳ್ಳುವ ಮೊದಲು ಕೇಳಿ: ಇದನ್ನು ಮಾಡಿದವರು ಯಾರು? ಬೇರೆ ಕಡೆ ಇದರ ಬಗ್ಗೆ ಏನು ಹೇಳುತ್ತಾರೆ? ಕಾವಲು ತೆಗೆ ಎಂದು ಯಾಕೆ ಅನ್ನುತ್ತಿದೆ? ಫೋನು ತಯಾರಿಸಿದ ಕಂಪನಿಯದೇ ಸಾಫ್ಟ್‌ವೇರ್ ಇದ್ದರೆ ಅದನ್ನೇ ಬಳಸಿ. ಹಾಕಿ ನೋಡಲೇಬೇಕೆಂದರೆ, ಕಾವಲು ತೆಗೆಯದೆ, ಬಳಸದೆ ಬಿದ್ದ ಹಳೆಯ ಫೋನಿನ ಮೇಲೆ ಮೊದಲು ನೋಡಿ. ಉತ್ತರ ಸಿಗದಿದ್ದರೆ ಕೈ ಹಿಂದೆ ತೆಗೆಯಿರಿ, ಅದರಲ್ಲಿ ಸೋಲೇನೂ ಇಲ್ಲ.

ಇತ್ತ ಚಹಾ ತರಿಸುವಷ್ಟರಲ್ಲಿ ಪ್ರಜ್ಞಾಳ ಫೋನು ರಿಂಗಾಯಿತು. ಪರಿಚಯವಿಲ್ಲದ ಆ ಫೋನಿನಲ್ಲಿ ಯಾವ ಗುಂಡಿ ಒತ್ತಬೇಕೋ ತಿಳಿಯದೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಕಡೆಗೆ ಸೀತವ್ವ ಹಸಿರು ಗುಂಡಿ ಒತ್ತಿದಳು. ಬೆಳಗಿನಿಂದ ಫೋನು ಹತ್ತುತ್ತಿಲ್ಲವೆಂದು ರೇಗುತ್ತಲೇ ಒಂದು ಗಂಡುದನಿ ಸವದತ್ತಿಯ ತನ್ನ ಮನೆಯ ಗುರುತು ಹೇಳತೊಡಗಿತು. ರಾಚವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು.