ಚಾದರದ ಅಡಿಯ ಕೆಂಪು ಸೋಫಾ

ನಾನು ಒಂದು ಸೋಫಾ. ಮೂವರು ಕೂರುವಷ್ಟು ಅಗಲ, ದಪ್ಪ ತೋಳು, ಕೆಂಪು ಬಟ್ಟೆ. ಕೆಂಪು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನನ್ನ ಬದುಕಿನ ಮೊದಲ ಅವಮಾನ ಆ ಬಣ್ಣದಿಂದಲೇ ಆದದ್ದು.

ನಾನು ಹುಟ್ಟಿದ್ದು ಬೆಟಗೇರಿಯ ಒಂದು ಓಣಿಯಲ್ಲಿ. ಅಲ್ಲಿ ಗುರುಪಾದಪ್ಪ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಕುಷನ್ ಅಂಗಡಿ ಇಟ್ಟುಕೊಂಡಿದ್ದ. ಆಟೋ ಸೀಟು, ಟ್ರ್ಯಾಕ್ಟರ್ ಸೀಟು, ಕಚೇರಿಯ ಕುರ್ಚಿ, ಅಪರೂಪಕ್ಕೊಂದು ಸೋಫಾ. ಕಟ್ಟಿಗೆಯ ಚೌಕಟ್ಟು ಕಟ್ಟಿ, ಸ್ಪ್ರಿಂಗು ಕೂರಿಸಿ, ತೆಂಗಿನ ನಾರು ತುಂಬುವುದು ಅವನ ಕೆಲಸ. ಬಟ್ಟೆ ಹೊಲಿಯುವುದು ಅವನ ಹೆಂಡತಿ ನೀಲವ್ವನ ಕೆಲಸ. ನನ್ನ ಅಂಚಿನುದ್ದಕ್ಕೂ ಹುರಿಯ ಹಾಗೆ ಉಬ್ಬಿ ಓಡುವ ಸಣ್ಣ ಪೈಪಿಂಗ್ ಇದೆಯಲ್ಲ, ಅದನ್ನು ಅವಳು ಎರಡು ದಿನ ಮಶೀನಿನ ಮೇಲೆ ಬಗ್ಗಿ ಕೂತು ಹೊಲಿದಳು. ಎಲ್ಲೂ ಒಂದು ಸೊಟ್ಟ ಇಲ್ಲ.

ನನ್ನನ್ನು ಮಾಡಿಸಿದ್ದು ಒಬ್ಬ ಕಂಟ್ರಾಕ್ಟರು. ಒಯ್ಯಲು ಬಂದ ದಿನ ಅವನ ಹೆಂಡತಿ ನನ್ನನ್ನು ನೋಡಿ ಮೂಗು ಮುರಿದಳು.

"ಇದೇನ್ ಬಣ್ಣಾರಿ, ಬ್ಯಾಂಡಿನವರ ಅಂಗಿ ಇದ್ದಂಗ ಐತಿ."

ಅಷ್ಟೇ. ಗಾಡಿ ಖಾಲಿಯಾಗಿಯೇ ಹೋಯಿತು. ಹುಟ್ಟಿದ ದಿನವೇ ಬೇಡವಾದೆ. ಗುರುಪಾದಪ್ಪ ನನ್ನನ್ನು ಮೂಲೆಗೆ ಸರಿಸಿದ, ಮಾರಾಟಕ್ಕಿಟ್ಟ, ಯಾರೂ ಕೇಳಲಿಲ್ಲ. ಕೊನೆಗೆ ಹೆತ್ತವರ ಮನೆಯಲ್ಲೇ ಉಳಿದ ಮಗಳ ಹಾಗೆ ಅಲ್ಲೇ ಉಳಿದೆ.

ಆ ಕೋಣೆಯಲ್ಲಿ ಇನ್ನೊಬ್ಬಳಿದ್ದಳು. ಬೂದು ಬಣ್ಣದ ಬೆಕ್ಕು, ಹೆಸರು ಗೌಡಸಾನಿ. ಊರಗೌಡನ ಹೆಂಡತಿಯಂಥ ಗತ್ತಿನ ನಡಿಗೆ ನೋಡಿದರೆ ಆ ಹೆಸರು ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಕುಷನ್ ಅಂಗಡಿಗೆ ಬೆಕ್ಕು ಬೇಕೇ ಬೇಕು. ನಾರಿನ ಪಿಂಡಿಯಲ್ಲಿ ಇಲಿ ಮರಿ ಹಾಕುತ್ತದೆ, ಹತ್ತಿ ಕಡಿಯುತ್ತದೆ, ಬೆಳಗಾಗುವುದರಲ್ಲಿ ಗಿರಾಕಿಯ ಸೀಟಿಗೆ ತೂತು ಬಿದ್ದಿರುತ್ತದೆ. ಗೌಡಸಾನಿ ಇಡೀ ದಿನ ಪಿಂಡಿಗಳ ನಡುವೆ ಗಸ್ತು ತಿರುಗುತ್ತಿದ್ದಳು. ನಾರಿನ ಹಗ್ಗದ ಸುರುಳಿಯ ಮೇಲೆ ಉಗುರು ಮಸೆಯುತ್ತಿದ್ದಳು. ಆಗ ಅವಳು ನನ್ನ ಕಡೆ ತಿರುಗಿಯೂ ನೋಡಿದವಳಲ್ಲ.

ಆಮೇಲೆ ಗುರುಪಾದಪ್ಪನಿಗೆ ವ್ಯಾಪಾರ ಕೈ ಹತ್ತಿತು. ಸ್ಟೇಷನ್ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಿಡಿದ. ನಾರಿನ ಜಾಗಕ್ಕೆ ಫೋಮು ಬಂತು, ಹೊಲಿಯಲು ಇಬ್ಬರು ಕೆಲಸಗಾರರು ಬಂದರು. ಮಶೀನು, ಪಿಂಡಿ, ಹಗ್ಗ ಎಲ್ಲ ಮನೆಯಿಂದ ಹೋದವು. ಮುಂದಿನ ಕೋಣೆಗೆ ಸುಣ್ಣ ಹೊಡೆಸಿ ಹಾಲ್ ಮಾಡಿದರು. ನಡುವೆ ನಾನು.

"ಇಷ್ಟು ವರ್ಷ ಮಶೀನ್ ತುಳದಿ, ಸಾಕು," ಎಂದ ಗುರುಪಾದಪ್ಪ ಹೆಂಡತಿಗೆ. "ಅಲ್ಲಿ ದೊಡ್ಡ ದೊಡ್ಡ ಗಿರಾಕಿ ಬರ್ತಾರ. ನೀ ಮಶೀನ್ ತುಳೀತ ಕೂತ್ರ ಚಂದ ಕಾಣಂಗಿಲ್ಲ. ಇನ್ನ ಮನ್ಯಾಗ ಆರಾಮ ಇರು."

"ಆರಾಮ ಅಂದ್ರ ಏನ್ ಮಾಡೋದ್ರಿ?"

"ಏನೂ ಮಾಡದ ಇರೋದು," ಎಂದು ಅವನು ನಕ್ಕ. ಪ್ರೀತಿಯಿಂದಲೇ ಹೇಳಿದ್ದ, ಸುಳ್ಳು ಹೇಳಬಾರದು.

ಗೌಡಸಾನಿಯೂ ಮನೆಯಲ್ಲೇ ಉಳಿದಳು. ಗಾಜಿನ ಬಾಗಿಲ ಅಂಗಡಿಗೆ ಇಲಿ ನುಗ್ಗುವುದಿಲ್ಲ, ವೆಲ್ವೆಟ್ಟಿಗೆ ಬೆಕ್ಕಿನ ಕೂದಲು ಹತ್ತುತ್ತದೆ. ಮೊದಮೊದಲು ಅವಳು ಬಾಗಿಲ ಹಿಂದೆ ಹೋಗಿ ಕಾದು ಕೂತಳು. ಇಲಿ ಬರಲಿಲ್ಲ. ಬರೀ ಸುಣ್ಣದ ವಾಸನೆ. ಒಂದು ಮಧ್ಯಾಹ್ನ ನನ್ನ ಮೇಲೆ ಮಲಗಿದ್ದವಳು ಎದ್ದು, ಬೆನ್ನು ಸೆಟೆಸಿ ಮೈ ಮುರಿದು, ನನ್ನ ಎಡತೋಳಿಗೆ ಎರಡೂ ಪಂಜ ಊರಿ ಎಳೆದಳು. ಪರ್ರ್ ಎಂದಿತು. ನಾಲ್ಕು ಸೀಳು. ಒಳಗಿನ ನಾರು ಹೊರಗೆ ಬಂತು. ಮುಚ್ಚಿಕೊಳ್ಳೋಣವೆಂದರೆ ನನಗೆ ಕೈಯಿಲ್ಲ, ಇದ್ದ ತೋಳೇ ಹರಿದಿದೆ.

ಸಂಜೆ ಗುರುಪಾದಪ್ಪ ಬಂದ. ಬೇರೆ ಮನೆಯಾಗಿದ್ದರೆ ಬೆಕ್ಕಿಗೆ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಇವನು ಕುಷನ್‌ನವನು, ಹರಿದದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಕಾಲು ಸಹ ತೊಳೆಯದೆ ಕೂತು ಹಳೆ ಬಟ್ಟೆ ಕಿತ್ತ, ಅಂಗಡಿಯಲ್ಲಿ ಮಿಕ್ಕ ದಪ್ಪ ನೇಯ್ಗೆಯ ತುಂಡು ತಂದು ಡೊಳ್ಳಿನ ಚರ್ಮ ಬಿಗಿದ ಹಾಗೆ ಬಿಗಿದ. ಗೌಡಸಾನಿಗೆ ಅದಕ್ಕಿಂತ ಏನು ಬೇಕು! ಉಗುರು ಹೂತರೆ ಹಿಡಿಯುವಷ್ಟು ಒರಟು, ಎಳೆದರೆ ಜಗ್ಗದಷ್ಟು ಬಿಗಿ. ಮರುದಿನ ಮತ್ತೆ ಹರಿದಳು. ಅವನು ಇನ್ನೂ ದಪ್ಪದ್ದು ಹಾಕಿದ. ಅವಳು ಇನ್ನೂ ಸಂತೋಷದಿಂದ ಹರಿದಳು. ಹಸಿರು ಹೋಗಿ ನೀಲಿ, ನೀಲಿ ಹೋಗಿ ಕಂದು. ಮೈಯೆಲ್ಲ ಕೆಂಪು, ತೋಳು ಮಾತ್ರ ದಿನಕ್ಕೊಂದು ಬಣ್ಣ. ಕನ್ನಡಿ ಎದುರಿಗಿಲ್ಲದ್ದು ನನ್ನ ಪುಣ್ಯ.

ನಿಂಬೆ ಸಿಪ್ಪೆ ಇಟ್ಟು ನೋಡಿದರು. ಮುಖಕ್ಕೆ ನೀರು ಚಿಮುಕಿಸಿದರು. ಗುರುಪಾದಪ್ಪ ಪೇಪರು ಸುತ್ತಿ ಹೊಡೆದ. ಅವನು ಇರುವಷ್ಟು ಹೊತ್ತು ಅವಳು ಮೇಜಿನ ಕೆಳಗಿರುತ್ತಿದ್ದಳು. ಅವನು ಮೆಟ್ಟಿಲು ಇಳಿದದ್ದೇ ತಡ, ನನ್ನ ಹತ್ತಿರ.

"ಇಡೀ ದಿನ ಮನ್ಯಾಗ ಇರ್ತಿ, ಒಂದು ಬೆಕ್ಕು ಕಾಯಾಕ ಆಗೂದಿಲ್ಲೇನು?" ಎಂದು ಹೆಂಡತಿಯ ಮೇಲೆ ರೇಗಿದ.

ಅಡಿಗೆ, ಪಾತ್ರೆ ಮುಗಿದ ಮೇಲೆ ನೀಲವ್ವ ನನ್ನ ಮೇಲೆ ಬಂದು ಕೂರುತ್ತಿದ್ದಳು. ಟಿವಿ ಹಾಕುತ್ತಿದ್ದಳು, ಆರಿಸುತ್ತಿದ್ದಳು. ತಾನೇ ಹೊಲಿದ ಪೈಪಿಂಗನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಿದ್ದಳು, ಕೆರೆಯುತ್ತಲೇ ಇರುತ್ತಿದ್ದಳು. ಅದು ಎರಡು ಕಡೆ ಎಳೆ ಬಿಟ್ಟಿತು. ನಾನು ಅದನ್ನೂ ಬೆಕ್ಕಿನ ಲೆಕ್ಕಕ್ಕೇ ಹಾಕಿ ಗೌಡಸಾನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಕೊನೆಗೆ ನನ್ನ ಮೇಲೆ ಒಂದು ಹೂವಿನ ಚಾದರ ಹೊದಿಸಿದರು. ಹೆಣಕ್ಕೆ ಹೊದಿಸಿದಂತಾದರೂ ಮಾನ ಮುಚ್ಚಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆ ಮಾನವೂ ಒಂದು ಭಾನುವಾರ ಹೋಯಿತು. ಕಲ್ಯಾಣ ಮಂಟಪದ ಮಾಲೀಕರಾದ ಮುರಿಗೆಪ್ಪ ಶೆಟ್ಟರು ಮನೆಗೇ ಬಂದರು. ಮಂಟಪದ ಅಷ್ಟೂ ಸೋಫಾ, ಮದುಮಕ್ಕಳ ಕುರ್ಚಿ ಎಲ್ಲ ಹೊಸದಾಗಿ ಮಾಡಿಸುವ ಮಾತು. ಗುರುಪಾದಪ್ಪ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ. ಶೆಟ್ಟರು ನನ್ನ ಮೇಲೆ ಕೂತು ಸ್ವಲ್ಪ ಸರಿದರು. ಚಾದರ ಜಾರಿ ನೆಲಕ್ಕೆ ಬಿತ್ತು. ಹರಿದ ತೋಳು ಅವರ ಮೊಣಕೈಯ ಕೆಳಗೇ ಇತ್ತು. ಅವರು ತೂತಿನೊಳಗೆ ಒಂದು ಬೆರಳು ಹಾಕಿ ನಾರು ಎಳೆದು ನೋಡಿದರು.

"ಗುರುಪಾದಪ್ಪ, ಇದೂ ನಿಮ್ಮ ಕೈಯಾಗ ಮಾಡಿದ್ದ ಏನು?"

"ಏ, ಇಲ್ರಿ," ಎಂದ ಗುರುಪಾದಪ್ಪ. "ಹೊರಗ ಕೊಂಡದ್ದು. ಹಳೇದು."

ಹುಟ್ಟಿಸಿದವನೇ ನನ್ನದಲ್ಲ ಎಂದ. ನೆಲ ಬಾಯಿಬಿಟ್ಟಿದ್ದರೆ ನಾಲ್ಕೂ ಕಾಲು ಸಮೇತ ಇಳಿದುಹೋಗುತ್ತಿದ್ದೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನೀಲವ್ವ ಚಾ ತಂದು ಇಟ್ಟಳು, ಬಿದ್ದ ಚಾದರ ಎತ್ತಲಿಲ್ಲ. ಶೆಟ್ಟರು ಚಾ ಕುಡಿದು, ವಿಚಾರ ಮಾಡಿ ಹೇಳುತ್ತೇನೆಂದು ಹೊರಟರು.

ಅವರು ಓಣಿ ದಾಟುವ ಮೊದಲೇ ಗುರುಪಾದಪ್ಪ ಹಿತ್ತಲಿನಿಂದ ಗೋಣಿಚೀಲ ತಂದ.

"ಮೀನಿನ ಪ್ಯಾಟ್ಯಾಗ ಬಿಟ್ಟು ಬರ್ತೀನಿ ಇದನ್ನ. ಕೆಲಸಿಲ್ಲ ಬೊಗಸಿಲ್ಲ, ಮನ್ಯಾಗ ಕೂತು ತಿನ್ನೂದು, ಹರಿಯೂದು."

ನೀಲವ್ವ ಗೌಡಸಾನಿಯನ್ನು ಎತ್ತಿ ಎದೆಗೆ ಅವಚಿಕೊಂಡಳು. ಅವಳ ಧ್ವನಿ ಏರಲಿಲ್ಲ.

"ಕೆಲಸ ಇಲ್ದ ಕೂತು ತಿನ್ನೋರು ಈ ಮನ್ಯಾಗ ಇಬ್ಬರು ಅದೀವ್ರಿ. ಚೀಲ ದೊಡ್ಡದು ತರ್ರಿ."

ಗುರುಪಾದಪ್ಪ ಚೀಲ ಕೆಳಗಿಳಿಸಿದ.

"ಹೊರಗ ಕೊಂಡದ್ದು ಅಂದ್ರಿ," ಎಂದಳು ಅವಳು. "ಅದರ ಪೈಪಿಂಗ್ ಹೊಲದಾಕಿ ನಾನ ಅಲ್ಲೇನ್ರಿ?"

ಅವನು ಚೀಲ ಮಡಚಿ ಇಟ್ಟು, ಊಟ ಮಾಡದೆ ಹೊರಗೆ ಹೋದ.

ಮರುದಿನ ನೀಲವ್ವ ಸೆರಗು ಸಿಕ್ಕಿಸಿ ನಿಂತಳು. ಅಟ್ಟದ ಮೇಲಿನ ಹಳೆ ಒನಕೆ ಇಳಿಸಿದಳು. ಅದನ್ನು ಅಗಲವಾದ ಹಲಗೆಗೆ ಮೊಳೆ ಹೊಡೆದು ಅಲುಗಾಡದಂತೆ ನಿಲ್ಲಿಸಿದಳು. ನಾರಿನ ಹಗ್ಗ ತರಿಸಿ, ಬುಡದಿಂದ ತುದಿಯವರೆಗೆ ಸಂದಿಲ್ಲದಂತೆ ಸುತ್ತಿದಳು. ಮೂಲೆಯಲ್ಲಿ ಇಡಲಿಲ್ಲ, ನನ್ನ ಎಡತೋಳಿಗೆ ಹತ್ತಿಕೊಂಡಂತೆಯೇ ಇಟ್ಟಳು. ನಿದ್ದೆಯಿಂದ ಎದ್ದ ಗೌಡಸಾನಿ ಮೈ ಮುರಿಯುವುದು ಅಲ್ಲಿಯೇ ಎಂದು ಅವಳಿಗೆ ಗೊತ್ತಿತ್ತು. ನನ್ನ ತೋಳಿಗೆ ನುಣ್ಣನೆಯ ರೆಕ್ಸಿನ್ ಸುತ್ತಿದಳು. ಗೌಡಸಾನಿ ಪಂಜ ಹಾಕಿದರೆ ಜಾರಿತು. ನೀಲವ್ವ ಬೈಯಲಿಲ್ಲ. ಪಕ್ಕದಲ್ಲಿ ಕೂತು ತನ್ನ ಉಗುರಿನಿಂದಲೇ ಹಗ್ಗವನ್ನು ಕರಕರ ಕೆರೆದು ತೋರಿಸಿದಳು. ಗೌಡಸಾನಿ ಮೂಸಿದಳು. ಹಳೆಯ ಅಂಗಡಿಯ ವಾಸನೆ ಸಿಕ್ಕಿರಬೇಕು, ಮುಂಗಾಲು ಎತ್ತಿ ಒಮ್ಮೆ ಎಳೆದಳು ನೋಡಿ, ಆಮೇಲೆ ಬಿಡಲೇ ಇಲ್ಲ.

ಅಷ್ಟಕ್ಕೇ ಬಿಡಲಿಲ್ಲ ನೀಲವ್ವ. ದಾರಕ್ಕೆ ಬಟ್ಟೆಯ ತುಂಡು ಕಟ್ಟಿ ಇಲಿಯ ಹಾಗೆ ಎಳೆದಾಡಿ, ಗೌಡಸಾನಿ ಏದುಸಿರು ಬಿಡುವವರೆಗೆ ಬೆಳಿಗ್ಗೆ ಸಂಜೆ ಆಡಿಸಿ, ಆಮೇಲೆಯೇ ಹಾಲು ಅನ್ನ ಇಡುತ್ತಿದ್ದಳು. ಕಿಟಕಿಗೆ ಒಂದು ಹಲಗೆ ಹೊಡೆದಳು, ಓಣಿ ನೋಡುತ್ತ ಕೂರಲು. ತಿಂಗಳೊಪ್ಪತ್ತಿನಲ್ಲಿ ಗೌಡಸಾನಿ ನನ್ನನ್ನು ಮರೆತೇಬಿಟ್ಟಳು.

ಗುರುಪಾದಪ್ಪ ಇದನ್ನೆಲ್ಲ ದೂರದಿಂದ ನೋಡುತ್ತಿದ್ದ. ಒಂದು ದಿನ ಹೊತ್ತಿಗೆ ಮುಂಚೆ ಬಂದ. ರೆಕ್ಸಿನ್ ಬಿಚ್ಚಿದ, ಮೊದಲಿನ ಕೆಂಪು ಬಟ್ಟೆಯನ್ನೇ ಎಲ್ಲಿಂದಲೋ ಹುಡುಕಿ ತಂದಿದ್ದ. ಸೂಜಿಗೆ ದಾರ ಪೋಣಿಸಿ ಹೆಂಡತಿಯ ಮುಂದೆ ಹಿಡಿದ.

"ನೀನ ಹೊಲಿ."

ಅವಳು ಸೂಜಿ ತೆಗೆದುಕೊಂಡಳು. ಅವನು ತಲೆ ತಗ್ಗಿಸಿಯೇ ಮಾತಾಡಿದ.

"ಶೆಟ್ಟರಿಗೆ ಖರೇ ಹೇಳಿ ಬಂದೆ. ಅದು ನಮ್ಮ ಮನ್ಯಾಂದ, ನನ್ನ ಹೆಂಡತಿ ಹೊಲದದ್ದು ಅಂತ."

"ಏನಂದ್ರು?"

"ನಕ್ಕರು. ಕೆಲಸ ಕೊಡ್ತಾರೋ ಇಲ್ಲೋ." ಅವನು ನನ್ನ ತೋಳಿನ ಮೇಲೆ ಕೈ ಇಟ್ಟ. "ನಾಳಿಂದ ಅಂಗಡಿಗೆ ಬಾ."

"ಚಂದ ಕಾಣಂಗಿಲ್ಲ ಅಂದಿದ್ರಿ."

"ತಪ್ಪಾತು."

ನೀಲವ್ವ ನಾಲ್ಕು ಹೊಲಿಗೆ ಹಾಕಿದಳು. "ಗೌಡಸಾನಿ?"

"ಕರಕೊಂಡ ಬಾ. ಆ ಒನಕಿ ನಾ ಹೊರ್ತೀನಿ."

ಈಗ ಬೆಳಿಗ್ಗೆ ಮೂವರೂ ಹೋಗುತ್ತಾರೆ, ಸಂಜೆ ಬರುತ್ತಾರೆ. ನನ್ನ ತೋಳಿನಲ್ಲಿ ಒಂದು ಗೀರಿಲ್ಲ. ಚಾದರ ತೆಗೆದಾಗಿದೆ. ಬಂದವರು, ಎಷ್ಟು ವರ್ಷದ್ದು, ಇನ್ನೂ ಹೊಸದರ ಹಾಗಿದೆ ಎನ್ನುತ್ತಾರೆ. ನಾನು ಬಯಸಿದ್ದು ಇದನ್ನೇ. ಆದರೆ ಬೀಗ ಬಿದ್ದ ಮನೆಯಲ್ಲಿ ಹಗಲು ಎಷ್ಟು ಉದ್ದವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಿಸಿಲು ಗೋಡೆಯ ಮೇಲೆ ಇಂಚಿಂಚು ಸರಿಯುವುದನ್ನು ನೋಡುತ್ತೇನೆ. ನೀಲವ್ವ ಇಲ್ಲೇ, ನನ್ನ ಮಡಿಲಲ್ಲೇ, ಇಂಥ ಎಷ್ಟೋ ದಿನ ಕೂತಿದ್ದಳು. ನಾನು ನನ್ನ ತೋಳಿನ ಚಿಂತೆಯಲ್ಲಿದ್ದೆ. ಅದನ್ನು ನೆನೆದರೆ ಹರಿದಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಮಧ್ಯಾಹ್ನವಾದರೆ ನನಗೂ ಏನನ್ನಾದರೂ ಹಿಡಿದು ಪರ್ರನೆ ಹರಿಯಬೇಕು ಅನ್ನಿಸುತ್ತದೆ. ಉಗುರಿಲ್ಲ, ಅದಕ್ಕೇ ಸುಮ್ಮನಿದ್ದೇನೆ.