ಗ್ರಾಹಕರ ಸಹಿ

ನಿಹಾರಿಕಾ ಐದನೆಯ ಸಲ ಅದೇ ಸಾಲನ್ನು ಹೊಡೆದು ಹಾಕಿದಳು. ‘ಅಪ್ಪ ಗ್ರೇಟ್ ಮನುಷ್ಯ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಎಷ್ಟು ಗ್ರೇಟ್, ಅಳೆದವರು ಯಾರು ಎಂದು ಶವಪೆಟ್ಟಿಗೆಯೊಳಗಿಂದಲೇ ಅಪ್ಪ ಕೇಳಿದಂತಾಯಿತು. ನೋವೈ ಊರಿನ ಫ್ಯೂನರಲ್ ಹೋಮ್ ತುಂಬಿಹೋಗಿತ್ತು. ಅವಳು ಮಾತಾಡಲು ಇನ್ನು ಹತ್ತೇ ನಿಮಿಷ. ಶಿಕಾಗೋದಿಂದ ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಬರುವಾಗಲೂ ಅಪ್ಪ ಒಪ್ಪುವಂಥ ಒಂದು ವಾಕ್ಯ ಹೊಳೆದಿರಲಿಲ್ಲ.

ಅಪ್ಪ ಚಂದ್ರಮೌಳಿಯ ಉದ್ಯೋಗವೇ ಅದಾಗಿತ್ತು. ಪ್ಲಿಮತ್‌ನ ಬ್ರೇಕ್ ಕಂಪನಿಯಲ್ಲಿ ಬ್ರೇಕ್ ಹೇಗಿರಬೇಕೆಂದು ಗ್ರಾಹಕರು ಬರೆದು ಕಳಿಸಿದ ಕಾಗದಗಳನ್ನು ಓದಿ, ‘ರೀಸನಬಲ್’, ‘ಅಡಿಕ್ವೇಟ್’, ‘ಸೇಫ್’ ಎಂದು ಕಂಡಲ್ಲೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಅಳೆದು ನೋಡಬಹುದಾದ ಮಾತನ್ನು ಬರೆಯುವುದು. ಅವನ ಸಹೋದ್ಯೋಗಿ, ಧಾರವಾಡದ ರಾಜಶೇಖರ್, ಸಾವಿನ ಮನೆಯೆಂಬುದನ್ನೂ ಮರೆತು ಪಕ್ಕದವರಿಗೆ ಹುರುಪಿನಿಂದ ಹೇಳುತ್ತಿದ್ದರು.

“ಗಾಡಿ ನಿಂತರ ಒಳ್ಳೇದು ಅಂತ ಬರದ್ರ ಅದು ಬರೇ ಆಸೆ. ನಿಲ್ಲತಕ್ಕದ್ದು ಅಂತ ಬರದ್ರ ನಿಲ್ಲಲಿಕ್ಕೇ ಬೇಕು. ಇದಕ್ಕ ಮೂರು ವಾರ ಜಗಳಾಡಿದ್ದ ಮೌಳಿ.”

ಪಕ್ಕದವರು ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡರು. ನಿಹಾರಿಕಾಳಿಗೆ ನಗು ಬರಲಿಲ್ಲ.

*

ಹನ್ನೊಂದನೆಯ ವಯಸ್ಸಿನಲ್ಲಿ ಫಾದರ್ಸ್ ಡೇಗೆಂದು ಅವಳೇ ಒಂದು ಕಾರ್ಡ್ ಮಾಡಿದ್ದಳು. ‘ಮೈ ಡ್ಯಾಡ್ ಈಸ್ ಆಲ್ವೇಸ್ ದೇರ್ ಫಾರ್ ಮಿ’ ಎಂದು ಬರೆದು ಸುತ್ತ ಮಿನುಗು ಅಂಟಿಸಿದ್ದಳು. ಅಪ್ಪ ಓದಿದ. ಜೇಬಿನ ಕೆಂಪು ಪೆನ್ನು ತೆಗೆದು ಎರಡು ಪದಗಳಿಗೆ ಸುತ್ತು ಹಾಕಿದ.

“ದೇರ್ ಅಂದ್ರೆ ಎಲ್ಲಿ ಪುಟ್ಟಿ? ಆಲ್ವೇಸ್ ಅಂತ ಹೇಗೆ ಬರೀತೀಯ? ಹೋದ ವಾರ ನಿನ್ನ ವಯಲಿನ್ ಪ್ರೋಗ್ರಾಮ್‌ಗೆ ನಾನು ಬರ್ಲೇ ಇಲ್ಲವಲ್ಲ.”

“ಐ ವಾಸ್ ಜಸ್ಟ್ ಬೀಯಿಂಗ್ ನೈಸ್!” ಎಂದು ಅಳುತ್ತಾ ಬಾಗಿಲು ಬಡಿದುಕೊಂಡು ಹೋದವಳು ಮತ್ತೆಂದೂ ಅಪ್ಪನಿಗೆ ಕಾರ್ಡ್ ಬರೆಯಲಿಲ್ಲ. ಮೆಚ್ಚಿದರೂ ತಪ್ಪು ಹುಡುಕುವವನನ್ನು ಹೇಗೆ ಪ್ರೀತಿಸುವುದೆಂದು ಅವಳಿಗೆ ತಿಳಿದಿರಲಿಲ್ಲ.

*

ರಾಜಶೇಖರ್ ಅವಳ ಕೈಗೆ ನೀಲಿ ಫೈಲೊಂದನ್ನು ಕೊಟ್ಟರು.

“ನಿನ್ನೆ ಆಫೀಸಿನಾಗ ಅವನ ಡ್ರಾಯರ್ ಖಾಲಿ ಮಾಡಿದ್ವಿ. ಎಲ್ಲಾ ಫೈಲಿನ ಮ್ಯಾಲೂ ಗ್ರಾಹಕರ ಹೆಸರು ಇರ್ತದ. ಇದರ ಮ್ಯಾಲ ನಿನ್ನ ಹೆಸರದ ನೋಡವ್ವಾ.”

ಒಳಗೆ ಅದೇ ಕಾರ್ಡ್. ಮಿನುಗು ಉದುರಿತ್ತು. ಹಿಂಬದಿಯಲ್ಲಿ ಕನ್ನಡದ ಬರಹ. ಕನ್ನಡ ಓದಲು ಬಾರದ ಅವಳು ಅದನ್ನು ಅಮ್ಮನತ್ತ ಚಾಚಿದಳು. ಅಂಬುಜಾ ಕನ್ನಡಕ ಒರೆಸಿಕೊಂಡು ಓದಿದರು.

“ತಿದ್ದಿದ ವಾಕ್ಯ: ಮಗಳು ಕರೆದಲ್ಲಿಗೆ ಅಪ್ಪ ಹೋಗತಕ್ಕದ್ದು.”

ಅದರ ಕೆಳಗೆ ಪಟ್ಟಿಯಿತ್ತು: ತಾರೀಖು, ಜಾಗ, ಫಲಿತಾಂಶ. ನಿಹಾರಿಕಾ ಬರೆದು ತಂದ ಹಾಳೆಯನ್ನು ಕುರ್ಚಿಯ ಮೇಲೆಯೇ ಬಿಟ್ಟು, ಅಮ್ಮನ ಕೈ ಹಿಡಿದು ಮೈಕಿನ ಮುಂದೆ ಹೋದಳು.

ಅಂಬುಜಾ ಒಂದೊಂದೇ ಸಾಲು ಓದಿದರು. ವಯಲಿನ್, ಫೇಲ್. ಈಜುಕೊಳ, ಇಪ್ಪತ್ತು ನಿಮಿಷ ತಡ, ಫೇಲ್. ಕಾರು ಕೆಟ್ಟು ನಿಂತ ಹೆದ್ದಾರಿ ಎಕ್ಸಿಟ್, ಪಾಸ್. ಶಿಕಾಗೋ, ಮಗಳಿಗೆ ಜ್ವರ, ಹಿಮ, ಏಳು ಗಂಟೆ ಡ್ರೈವ್, ಪಾಸ್. “ಅವತ್ತು ಹೋಗ್ಬೇಡಿ ಅಂತ ಬಡ್ಕೊಂಡಿದ್ದೆ,” ಎಂದು ನಡುವೆ ಸೇರಿಸಿದರು. ಹತ್ತನೆಯ ಸಾಲಿನ ಹೊತ್ತಿಗೆ ಹಿಂದಿನ ಕುರ್ಚಿಯ ಮಕ್ಕಳೂ ಪಾಸ್ ಎಂದು ದನಿಗೂಡಿಸುತ್ತಿದ್ದರು. ರಾಜಶೇಖರ್ ಎದ್ದೇ ನಿಂತಿದ್ದರು. ನಿಹಾರಿಕಾ ಅಳುತ್ತಲೇ ಎಲ್ಲರಿಗಿಂತ ಜೋರಾಗಿ ಪಾಸ್ ಎನ್ನುತ್ತಿದ್ದಳು.

ಕೊನೆಯ ಸಾಲು ಮೂರು ವಾರದ ಹಿಂದಿನದು. ಅಂಬುಜಾ ಅದನ್ನು ಮೆಲ್ಲಗೆ ಓದಿದರು. “ಶಿಕಾಗೋ. ಮಗಳು ಕರೆದಿರಲಿಲ್ಲ. ನೋಡಬೇಕೆನಿಸಿತು, ಹೋದೆ. ಲೆಕ್ಕಕ್ಕಿಲ್ಲ.”

ಪಟ್ಟಿಯ ಕೆಳಗೆ ‘ಗ್ರಾಹಕರ ಸಹಿ’ ಎಂಬಲ್ಲಿ ಒಂದು ಗೆರೆ ಖಾಲಿಯಿತ್ತು; ಅಮ್ಮ ಅದನ್ನು ಬೆರಳಿಟ್ಟು ಓದಿ ತೋರಿಸಿದರು.

ನಿಹಾರಿಕಾ ತೆರೆದಿದ್ದ ಪೆಟ್ಟಿಗೆಯ ಬಳಿ ಹೋಗಿ, ಎಂದಿನಂತೆ ಅಪ್ಪನ ಜೇಬಿನಲ್ಲಿದ್ದ ಕೆಂಪು ಪೆನ್ನು ತೆಗೆದುಕೊಂಡಳು. ಕೊನೆಯ ಸಾಲಿನ ಮುಂದೆ ‘ಪಾಸ್’ ಎಂದು ಬರೆದು, ಗೆರೆಯ ಮೇಲೆ ಸಹಿ ಹಾಕಿದಳು. ಕಾರ್ಡನ್ನು ಮಡಿಸಿ ಅವನ ಜೇಬಿಗಿಟ್ಟಳು. ಪೆನ್ನಿಗೆ ಮುಚ್ಚಳ ಹಾಕಿ ಅದರ ಪಕ್ಕಕ್ಕೇ ಸಿಕ್ಕಿಸಿದಳು.