ಹಲಗೆ ಬಡಿದರೂ ತೆರೆಯದ ಹಗೇವು

ತಳವಾರ ಪಕ್ಕೀರಪ್ಪ ಹಲಗೆ ಬಡಿಯುತ್ತ ಕಂಪ್ಲಿ ಕೋಟೆಯ ಹೊಳೆಕಡೆ ಓಣಿಗೆ ಬಂದಾಗ, ಜನ ಮಾಡಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರು. ಕೆಲವರು ಎಲೆಯಡಿಕೆ ಹಾಕಿಕೊಂಡರು. ಕೆಲವರು ಅವನ ಕೂಗನ್ನು ಅಣಕಿಸಿ ನಕ್ಕರು.

“ಕೇಳ್ರಪ್ಪೋ ಕೇಳ್ರಿ! ಹೊಸಪೇಟಿಗೆ ತಂತಿ ಬಂದೈತಿ! ಮ್ಯಾಲ ಹೊಳಿ ತುಂಬೈತಿ, ನಾಳೆ ನಮ್ಮ ಕಡಿಗೆ ಬರತೈತಿ! ದನ, ಕಾಳು, ಮುದುಕರು, ಮಕ್ಕಳು, ಎಲ್ಲಾ ದಿಬ್ಬಕ್ಕ ಸಾಗಸ್ರಿ!”

ಹಂಪಕ್ಕ ಕೇರುತ್ತಿದ್ದ ಮೊರ ಕೆಳಗಿಟ್ಟು ಗಂಡನ ಮುಖ ನೋಡಿದಳು. ಎರ್ರಿಯಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಹೊಸೆಯುತ್ತಲೇ ಇದ್ದ.

“ಕೇಳಿತಿಲ್ಲೋ?”

“ಕಿವಿ ಅದಾವ. ಕೇಳಿತು.”

“ಮತ್ತ ಏಳ್ರಿ. ಹಗೇವಿನ ಬಾಯಿ ತಗೀರಿ.”

ಹಗೇವು ಎಂದರೆ ಅವರ ಅಂಗಳದ ನೆಲದಡಿ ಇದ್ದ ಕಾಳಿನ ಗುಂಡಿ. ಆ ಮನೆಯ ಇಡೀ ವರ್ಷದ ಜೋಳ ಅದರೊಳಗಿತ್ತು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದರು. ಒಬ್ಬರೇ ಎತ್ತುವಂಥ ಚಪ್ಪಡಿಯಲ್ಲ ಅದು.

ಎರ್ರಿಯಪ್ಪ ಆಕಾಶದ ಕಡೆ ಕೈ ತೋರಿಸಿದ. “ಒಂದು ಮಾಡ ಐತೇನು ನೋಡು. ಬಿಸಲು ಹೆಂಗ ಬಿದ್ದೈತಿ! ಹ್ವಾದ ವರ್ಷನೂ ಇದ ಹಲಗಿ, ಇದ ತಂತಿ. ಜ್ವಾಳ ಎಲ್ಲಾ ದಿಬ್ಬಕ್ಕ ಹೊತ್ತು ಸೊಂಟ ಮುರಕೊಂಡ್ವಿ. ಏನಾತು? ಹೊಳಿ ಮೆಟ್ಲ ತೊಳಕೊಂಡು ಹೊಂಟ್ಹೋತು. ಊರ ಮಂದಿ ಹಲ್ಲು ಕಿಸದ್ರು. ಮತ್ತ ಆ ನಗೆಪಾಟಲ ನಂಗ ಬ್ಯಾಡ.”

ಒಳಗಿನಿಂದ ಅತ್ತೆ ಮುದುಕಮ್ಮ ದನಿಗೂಡಿಸಿದಳು. “ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಹೊಳೆವ್ವ ಈ ಕಟ್ಟಿ ದಾಟಿಲ್ಲ. ನಿನ್ನ ಮಾತು ಕೇಳಿ ಈಗ ದಾಟ್ತಾಳೇನು?”

ಹಂಪಕ್ಕನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೆ ಗೋಡೆಯೂ ಇವರ ಹಾಗೇ ಮಾತು ಕೇಳುವಂಥದ್ದಲ್ಲ. ಅವಳು ಸೆರಗು ಸಿಕ್ಕಿಸಿ ದಿಬ್ಬದ ಮೇಲಿನ ಕೊಟ್ರಮ್ಮನನ್ನು ಕರೆತಂದಳು. ಕೊಟ್ರಮ್ಮ ಅಕ್ಕಿ ಗಿರಣಿಯವರ ಮನೆಯ ಸೊಸೆ. ಅವಳ ತವರು ಮೇಲುಹೊಳೆಯ ಹರಿಹರ. ಹಂಪಕ್ಕನ ಗೆಳತಿ, ಆದ್ದರಿಂದ ಎರ್ರಿಯಪ್ಪನಿಗೆ ನಾಲ್ಕು ಮಾತು ಬೈಯುವ ಸಲಿಗೆಯೂ ಇತ್ತು.

“ಏನಪಾ ಎರ್ರಿಯಪ್ಪ, ಮಾಡ ಇಲ್ಲಂತ ಕುಂತೀಯಂತಲ್ಲ?”

“ಕುಂದ್ರಬೇ ಅಕ್ಕ. ನೀನ ಹೇಳು, ಮಳಿ ಇಲ್ಲದ ಹೊಳಿ ಹೆಂಗ ಬರತೈತಿ?”

“ಮಳಿ ಬೀಳೋದು ಮಲೆನಾಡಿನ ಗುಡ್ಡದಾಗ. ನೀರು ಬರೋದು ನಿನ್ನ ಬಾಗಿಲಿಗೆ. ನಿನ್ನ ತಲಿಮ್ಯಾಲಿನ ಆಕಾಶ ಎಷ್ಟು ನೋಡಿದ್ರೂ ಹೊಳಿ ಸುದ್ದಿ ಅದು ಹೇಳಂಗಿಲ್ಲ. ನನ್ನ ತವರಾಗ ಹೊಳಿ ದಂಡಿ ಮುಳುಗಿತಂದ್ರ, ಆ ನೀರು ಇಲ್ಲಿಗೆ ಬರಾಕ ಒಂದು ಹಗಲು ಒಂದು ರಾತ್ರಿಯರ ಬೇಕು. ತಂತಿ ಮಾತ್ರ ಕಣ್ಣು ಮುಚ್ಚಿ ತಗಿಯೋದ್ರಾಗ ಬರತೈತಿ. ನಡುವಿನ ಆ ಹೊತ್ತು ನಮಗ ಸಿಕ್ಕ ಪುಣ್ಯ. ಅದನ್ನ ಹಗ್ಗ ಹೊಸ್ಕೋತ ಕಳೀತೀಯೇನು?”

“ಹಂಗಾದ್ರ ಹ್ವಾದ ವರ್ಷ ತಂತಿ ಯಾಕ ಸುಳ್ಳಾತು?”

“ಸುಳ್ಳೆಲ್ಲಾತು? ನೀರು ಬಂತೋ ಇಲ್ಲೋ? ಒಂದು ಆಳಿನಷ್ಟು ಕಡಿಮಿ ಬಂತು. ಬರತೈತಿ ಅನ್ನಾಕ ಬರತೈತಿ, ನಿನ್ನ ಹೊಸ್ತಿಲ ತನಕೋ ಕಟ್ಟಿ ತನಕೋ ಅಂತ ಯಾರು ಅಳದು ಹೇಳ್ಯಾರು? ಬರಲಿಲ್ಲಂದ್ರ ಸೊಂಟ ನೋವು, ನಾಕು ದಿನಕ್ಕ ಹೋಗತೈತಿ. ಬಂತಂದ್ರ ಕೂಳು ಹೋಗತೈತಿ. ಯಾವುದು ಬೇಕು?”

ಎರ್ರಿಯಪ್ಪ ಎದ್ದ. ಹಗೇವಿನ ಕಡೆಗೆ ಹೋಗುತ್ತಾನೆಂದು ಹಂಪಕ್ಕ ಗುದ್ದಲಿ ತಂದಳು. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. “ನೀರು ಕಣ್ಣಿಗೆ ಕಾಣ್ಲಿ. ಆಮ್ಯಾಲ ನೋಡೂಣು,” ಎಂದು ಬಾಳೆತೋಟಕ್ಕೆ ಹೊರಟೇಹೋದ.

“ಕಣ್ಣಿಗೆ ಕಂಡಮ್ಯಾಲ ನೋಡಾಕ ತಂತಿ ಯಾಕ ಬೇಕು?” ಎಂದು ಹಂಪಕ್ಕ ಅವನ ಬೆನ್ನಿಗೆ ಕೂಗಿದಳು.

ಆಗಿದ್ದು ಆಗಲಿ ಎಂದು ಅವಳು ಎಮ್ಮೆ, ಎತ್ತು ಹೊಡೆದುಕೊಂಡು ದಿಬ್ಬಕ್ಕೆ ಹೋದಳು. ಹಾಸಿಗೆ, ಪಾತ್ರೆ, ಬೀಜದ ಗಡಿಗೆ ಹೊತ್ತು ಕೊಟ್ರಮ್ಮನ ಹಿತ್ತಿಲಿಗೆ ಹಾಕಿದಳು. ಪ್ರತಿ ಸಲ ಇಳಿದು ಬರುವಾಗಲೂ ಹಗೇವಿನ ಚಪ್ಪಡಿ ಅಂಗಳದಲ್ಲಿ ಅಲ್ಲಾಡದೆ ಕೂತಿತ್ತು, ಒಳಗೆ ಅತ್ತೆ ಕೂತ ಹಾಗೆ.

ಮರುದಿನವೂ ಬಿಸಿಲೇ. ಆದರೆ ಹೊಳೆಯ ಬಣ್ಣ ತಿರುಗಿ ಕೆಂಪಾಗಿತ್ತು. ಅಂಬಿಗರು ಹರಿಗೋಲುಗಳನ್ನು ಎಳೆದು ಮೇಲೆ ಬೋರಲು ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಬೇರುಸಮೇತ ಮರಗಳು ತೇಲಿಬಂದವು, ಹಿಂದೆಯೇ ಯಾರದೋ ಗುಡಿಸಲಿನ ಚಾವಣಿ ಬಂತು. ಎರ್ರಿಯಪ್ಪ ಬಾಳೆತೋಟದಿಂದ ಮೊಣಕಾಲುದ್ದ ಕೆಸರಿನಲ್ಲಿ ಓಡಿ ಬಂದ.

“ಹಂಪಿ! ಜಲ್ದಿ ಬಾ! ಚಪ್ಪಡಿ ಎತ್ತೂಣು!”

ಈಗ ಜಲ್ದಿಯಂತೆ! ಹಂಪಕ್ಕ ಹಲ್ಲು ಕಚ್ಚಿ ಹಾರೆ ಹಿಡಿದಳು. ಪಕ್ಕೀರಪ್ಪನೂ ಕೈ ಹಚ್ಚಿದ. ಚಪ್ಪಡಿ ಸರಿಯಿತು. ಒಳಗಿನಿಂದ ಬೆಚ್ಚನೆಯ ಮುಗ್ಗು ಗಾಳಿ ಮುಖಕ್ಕೆ ಬಡಿಯಿತು. ಎರ್ರಿಯಪ್ಪ ಗೋಣಿಚೀಲ ಹಿಡಿದು ಬಾಯಿಯೊಳಗೆ ಕಾಲಿಳಿಬಿಟ್ಟ.

ಹಂಪಕ್ಕ ಅವನ ರಟ್ಟೆ ಹಿಡಿದು ಎಳೆದಳು. “ದೀಪ ಬಿಡದ ಇಳೀತೀರೇನು? ಮುಚ್ಚಿದ ಹಗೇವಿನ ಗಾಳಿ ಮನಷ್ಯಾರ್ನ ನುಂಗತೈತಿ, ಗೊತ್ತಿಲ್ಲೇನು?”

ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟಳು. ಅದು ಕಾಳು ಮುಟ್ಟುವ ಮೊದಲೇ ಆರಿಹೋಯಿತು.

“ಗಾಳಿ ಆಡಾಕ ಹೊತ್ತು ಬೇಕು,” ಎಂದ ಪಕ್ಕೀರಪ್ಪ. “ಅದಕ್ಕ ನಿನ್ನೆ ಕೂಗಿದ್ದು.”

ಅವರು ಕಾದರು. ಹೊಳೆ ಕಾಯಲಿಲ್ಲ. ಓಣಿಯ ತುದಿಯಲ್ಲಿ ಮೊದಲು ಒಂದು ಕೆಂಪು ನಾಲಗೆ ಕಾಣಿಸಿತು, ಆಮೇಲೆ ಅದು ಓಣಿಯಷ್ಟು ಅಗಲವಾಯಿತು. ಇನ್ನೊಮ್ಮೆ ದೀಪ ಬಿಟ್ಟರು. ಇನ್ನೊಮ್ಮೆ ಆರಿತು.

“ಬಿಡ ನನ್ನ! ವರ್ಷದ ಕೂಳು ಐತಿ ಅದರಾಗ!” ಎಂದು ಎರ್ರಿಯಪ್ಪ ಕೂಗಾಡಿದ. ಕಣ್ಣಲ್ಲಿ ನೀರಿತ್ತು.

“ಕೂಳು ದುಡದರ ಬರತೈತಿ. ನೀವು ಎಲ್ಲಿಂದ ಬರ್ತೀರಿ?” ಹಂಪಕ್ಕ ಅವನ ರಟ್ಟೆಯ ಹಿಡಿತ ಸಡಿಲಿಸಲಿಲ್ಲ. “ನಿನ್ನೆಯಿಂದ ಕೈ ಮುಗದು ಹೇಳಿದ್ನಲ್ಲ! ಈಗರ ಕೇಳ್ರಿ. ಅವ್ವನ್ನ ಎತ್ತಿಕೋರಿ!”

ಅವನು ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಮುದುಕಮ್ಮ ಮಗನ ಕುತ್ತಿಗೆ ಗಟ್ಟಿಯಾಗಿ ಹಿಡಿದಿದ್ದಳು. ಹಿಂದೆ ಕೆಂಪು ನೀರು ಹಗೇವಿನ ಬಾಯಿಗೆ ಸುರಿಯತೊಡಗಿತು. ಗುಳುಗುಳು ಎಂದು ಗುಂಡಿ ಕುಡಿಯುವ ಸದ್ದು ದಿಬ್ಬ ಹತ್ತುವವರೆಗೂ ಕೇಳಿಸಿತು.

ನೀರು ಇಳಿದ ಮೇಲೆ ಆ ಜೋಳ ತೆಗೆದರು. ಮೊಳೆತು, ಕೊಳೆತು, ಓಣಿಯೆಲ್ಲ ನಾರಿತು. ದನ ಕೂಡ ಮೂಸಿ ಮುಖ ತಿರುಗಿಸಿದವು. ಆ ವರ್ಷ ಗಂಡ ಹೆಂಡತಿ ಮೆಟ್ರಿ ಊರಿನ ಕಾಲುವೆ ಗದ್ದೆಗಳಲ್ಲಿ ಬೇರೆಯವರ ನೆಲ್ಲು ನಾಟಿ ಮಾಡಿ, ಕೊಯ್ದು, ಕೂಲಿಗೆ ಕೊಟ್ಟ ಕಾಳು ತಂದು ತಿಂದರು. ದಿಬ್ಬದ ಮೇಲೆ ಉಳಿದಿದ್ದ ಗಡಿಗೆಯ ಬೀಜ ಹಿಂಗಾರಿಗೆ ಬಿತ್ತಿ, ಬಂದ ಜೋಳವನ್ನು ಮತ್ತೆ ಹಗೇವಿಗೆ ತುಂಬಿದರು. ಹಂಪಕ್ಕ ಒಂದು ದಿನವೂ “ನಾ ಹೇಳಿದ್ದೆ” ಎನ್ನಲಿಲ್ಲ. ಎನ್ನುವಷ್ಟು ತ್ರಾಣವೂ ಸಂಜೆಗೆ ಉಳಿಯುತ್ತಿರಲಿಲ್ಲ.

ಮುಂದಿನ ಶ್ರಾವಣದಲ್ಲಿ ಪಕ್ಕೀರಪ್ಪನ ಹಲಗೆ ಮತ್ತೆ ಕೇಳಿತು. ಅವನು ಕೂಗು ಮುಗಿಸುವುದರೊಳಗೆ ಎರ್ರಿಯಪ್ಪ ಹಾರೆ ಹಿಡಿದಿದ್ದ. ಚಪ್ಪಡಿ ತೆಗೆದು ಗಾಳಿಯಾಡಲು ಬಿಟ್ಟ. ದೀಪ ಉರಿದ ಮೇಲೆಯೇ ಇಳಿದ. ಸಂಜೆಯೊಳಗೆ ಕಾಳೆಲ್ಲ ದಿಬ್ಬದ ಮೇಲಿತ್ತು. ಮುದುಕಮ್ಮ ಎಲ್ಲರಿಗಿಂತ ಮೊದಲು ಕೋಲೂರಿಕೊಂಡು ಹತ್ತಿ ಕುಳಿತಿದ್ದಳು.

ಈ ಸಲ ಹೊಳೆ ಕಟ್ಟೆ ಮುಟ್ಟಿ ಹಿಂದೆ ಸರಿಯಿತು. “ಸುಮ್ಮನ ಹೊತ್ತಿಯಲ್ಲೋ!” ಎಂದ ಪಕ್ಕದ ಮನೆಯ ಜಡೆಪ್ಪ.

“ಹೊತ್ತ ಜ್ವಾಳ ಐತಿ, ವಾಪಸ್ ಹೊರ್ತೀನಿ,” ಎಂದ ಎರ್ರಿಯಪ್ಪ. “ಹ್ವಾದ ವರ್ಷ ವಾಪಸ್ ಹೊರಾಕ ಏನೂ ಇರಲಿಲ್ಲ ನೋಡು.” ಅಷ್ಟಕ್ಕೇ ಬಿಡದೆ ಜಡೆಪ್ಪನಿಗೆ ಮಲೆನಾಡಿನ ಮಳೆ, ಹರಿಹರದ ತಂತಿ ಎಲ್ಲವನ್ನೂ ತಾನೇ ಕಂಡುಹಿಡಿದವನ ಹಾಗೆ ವಿವರಿಸತೊಡಗಿದ. ಹಂಪಕ್ಕ ಕೊಟ್ರಮ್ಮನ ಮುಖ ನೋಡಿ ಹಣೆ ಹಣೆ ಚಚ್ಚಿಕೊಂಡಳು.

ಹೊಳೆದಂಡೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ತುಂಗಭದ್ರೆಗೆ ಅಣೆಕಟ್ಟೆ ಕಟ್ಟುತ್ತಾರೆಂಬ ಮಾತು ನೀವೂ ಕೇಳಿದ್ದೀರಿ, ನಾವೂ ಕೇಳಿದ್ದೇವೆ. ಕಟ್ಟುವ ದಿನ ಕಟ್ಟಲಿ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಹಲಗೆಯ ಸದ್ದಿಗೂ ನೀರಿಗೂ ನಡುವಿನ ಹೊತ್ತು. ಹಲಗೆ ಕೇಳಿದ ಕೂಡಲೇ ಹಗೇವು ತೆರೆಯಿರಿ, ದೀಪ ಬಿಡದೆ ಇಳಿಯಬೇಡಿ. ನಡೆಯಲಾರದವರನ್ನು ಮೊದಲು ದಿಬ್ಬಕ್ಕೆ ಕಳಿಸಿ, ದನದ ಕಣ್ಣಿ ಬಿಚ್ಚಿ. ನೀರು ಬರದಿದ್ದರೆ ತಳವಾರನನ್ನು ಬೈಯಬೇಡಿ. ಮುಂದಿನ ಸಲವೂ ಅವನು ಗಂಟಲು ಹರಿಯುವಂತೆ ಕೂಗಬೇಕು, ನೀವು ಏಳಬೇಕು.